ಹಳೆಯ ಗಣಕಕ್ಕೂ ಒಡ್ಡು ಬೇಕು

ಕಂಪ್ಯೂಟರ್ ಇಟ್ಟುಕೊಂಡವರಲ್ಲಿ ಎರಡು ಪಂಗಡ. ‘ಅಪ್‌ಡೇಟ್ ಬಂದಿದೆ, ಈಗ ಹಾಕಲೇ?’ ಎಂದು ಯಂತ್ರ ಕೇಳಿದಾಗಲೆಲ್ಲ ‘ಆಮೇಲೆ ನೆನಪಿಸು’ ಎಂಬ ಗುಂಡಿ ಒತ್ತುವವರದು ಒಂದು ಪಂಗಡ. ಈ ಪ್ರಶ್ನೆಯನ್ನು ಇನ್ನೆಂದೂ ಕೇಳಬಾರದೆಂದು ಯಂತ್ರದ ಬಾಯಿಯನ್ನೇ ಕಟ್ಟಿಸಿದವರದು ಇನ್ನೊಂದು. ಕೇಳಿದ ಕೂಡಲೇ ‘ಹೂಂ’ ಎನ್ನುವ ಮೂರನೆಯವರೂ ಇದ್ದಾರೆನ್ನಿ. ಆದರೆ ಅವರ ಯಂತ್ರ ಸಾಮಾನ್ಯವಾಗಿ ಹೊಸದಾಗಿರುತ್ತದೆ, ಅವರ ಊರಿನಲ್ಲಿ ಕರೆಂಟು ಹೋಗುವುದಿಲ್ಲ.

ಹಳೆಯ ಯಂತ್ರದವರ ಹಿಂಜರಿಕೆಗೆ ಕಾರಣಗಳಿವೆ. ಹತ್ತು ಹನ್ನೆರಡು ವರ್ಷದ ಹಿಂದೆ ಕೊಂಡ ಮೇಜಿನ ಕಂಪ್ಯೂಟರ್, ಎರಡು ಜಿಬಿ ಮೆಮೊರಿ, ಗರಗರನೆ ತಿರುಗುವ ಹಾರ್ಡ್‌ಡಿಸ್ಕ್. ಒಂದು ತಿಂಗಳ ಅಪ್‌ಡೇಟೆಂದರೆ ನೂರಾರು ಎಂಬಿ. ವರ್ಷಕ್ಕೊಮ್ಮೆ ಬರುವ ದೊಡ್ಡದಾದರೆ ಹಲವು ಜಿಬಿ. ಮೊಬೈಲಿನ ಹಾಟ್‌ಸ್ಪಾಟ್ ಹಚ್ಚಿ ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕಿನಲ್ಲಿ ಕೆಲಸ ಮಾಡುವವನು ಅದನ್ನು ಎಲ್ಲಿಂದ ತರಬೇಕು? ತಂದರೂ ಪರದೆಯ ಮೇಲೆ ‘ಶೇಕಡಾ 30 ಮುಗಿದಿದೆ, ಯಂತ್ರ ಆರಿಸಬೇಡಿ’ ಎಂಬ ಅಕ್ಷರಗಳು ಮೂಡಿರುವಾಗಲೇ ಕರೆಂಟು ಹೋಗುತ್ತದೆ. ಹೊರಗೆ ಪಹಣಿ ಪತ್ರಿಕೆಗೆ ಕಾದು ನಿಂತವರ ಸಾಲು. ಇದನ್ನೆಲ್ಲ ಒಮ್ಮೆ ಕಂಡವರು ಮುಂದಿನ ಸಲ ‘ಆಮೇಲೆ ನೆನಪಿಸು’ ಅನ್ನದೆ ಇನ್ನೇನು ಮಾಡಿಯಾರು?

ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಷ್ಟೋ ಯಂತ್ರಗಳಲ್ಲಿರುವ ವಿಂಡೋಸ್ ದುಡ್ಡು ಕೊಟ್ಟು ತಂದದ್ದಲ್ಲ. ಜೋಡಿಸಿಕೊಟ್ಟವನು ‘ಅಪ್‌ಡೇಟ್ ಮಾಡಬ್ಯಾಡ್ರಿ, ಮಾಡಿದ್ರ ಬಂದ್ ಆಗತೈತಿ’ ಎಂದು ಹೇಳಿಹೋಗಿರುತ್ತಾನೆ. ಆ ಮಾತನ್ನು ವೇದವಾಕ್ಯವೆಂದು ಪಾಲಿಸಿಕೊಂಡು ಬಂದ ಯಂತ್ರಗಳು ನಮ್ಮ ತಾಲ್ಲೂಕುಗಳಲ್ಲಿ ಬೇಕಾದಷ್ಟಿವೆ. ಬೀಗ ಒಡೆಯಲು ಬಳಸಿದ ಆ ‘ಕ್ರ್ಯಾಕ್’ ಎಂಬ ಪುಟ್ಟ ತಂತ್ರಾಂಶದೊಳಗೇ ಕಳ್ಳ ಅಡಗಿ ಕೂತಿರಬಹುದು ಎಂಬ ಮಾತನ್ನು ಮಾತ್ರ ಅವನು ಹೇಳಿರುವುದಿಲ್ಲ.

ಹಾಗಾದರೆ ಈ ಅಪ್‌ಡೇಟ್ ಎಂಬುದು ನಿಜಕ್ಕೂ ಏನು? ಅದಿಲ್ಲದೆ ನಡೆಯುವುದಿಲ್ಲವೆ?

ರೋಣ ತಾಲ್ಲೂಕಿನ ಹೊಳೆಮಣ್ಣೂರನ್ನೇ ನೋಡೋಣ. ಹೆಸರೇ ಹೇಳುವಂತೆ ಹೊಳೆಯ ಊರು, ಮಲಪ್ರಭೆಯ ದಂಡೆಯ ಊರು. ಸುತ್ತೆಲ್ಲ ಎರೆ ಭೂಮಿ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವ ಈ ನೆಲದಲ್ಲಿ ಒಡ್ಡು ಹಾಕಿದರೆ ಕೆಲಸ ಮುಗಿಯಲಿಲ್ಲ. ಪ್ರತಿವರ್ಷ ಮಳೆಗಾಲಕ್ಕೆ ಮೊದಲು ರೈತ ಅದರ ಮೇಲೆ ನಡೆದು ನೋಡಬೇಕು. ಎಲ್ಲಿ ಇಲಿ ಬಿಲ ತೋಡಿದೆ, ಎಲ್ಲಿ ಮಣ್ಣು ಕುಸಿದಿದೆ, ಎಲ್ಲಿ ನೀರು ದಾರಿ ಮಾಡಿಕೊಂಡಿದೆ ಎಂದು ಹುಡುಕಿ ಮುಚ್ಚಬೇಕು. ಮುಷ್ಟಿಗಾತ್ರದ ಬಿಲವೊಂದು ಉಳಿದರೆ ಸಾಕು, ಒಂದು ದೊಡ್ಡ ಮಳೆಗೆ ಒಡ್ಡು ಒಡೆದು ಹೊಲದ ಮೇಲ್ಮಣ್ಣು ಹಳ್ಳದ ಪಾಲು. ಹಾಗೆಂದು ಒಡ್ಡು ಕಟ್ಟಿದವನು ದಡ್ಡನೆಂದು ಯಾರೂ ಅನ್ನುವುದಿಲ್ಲ. ಬಿಲ ಬೀಳುವುದು ಮಣ್ಣಿನ ಗುಣ, ಮುಚ್ಚುವುದು ಒಕ್ಕಲಿಗನ ಕೆಲಸ.

ಆಪರೇಟಿಂಗ್ ಸಿಸ್ಟಂ ಎಂಬುದು ಕಂಪ್ಯೂಟರಿನ ಮನೆಯ ಯಜಮಾನನಿದ್ದಂತೆ. ಕೀಲಿಮಣೆಯಲ್ಲಿ ಒತ್ತಿದ ಅಕ್ಷರವನ್ನು ಪರದೆಗೆ ಒಯ್ಯುವುದು, ಫೈಲನ್ನು ಡಿಸ್ಕಿನಲ್ಲಿ ಇಟ್ಟು ಕೇಳಿದಾಗ ತೆಗೆದುಕೊಡುವುದು, ಪ್ರಿಂಟರಿಗೆ ಹುಕುಂ ಕೊಡುವುದು, ಹೊರಗಿನಿಂದ ಬಂದವರನ್ನು ಒಳಗೆ ಬಿಡಬೇಕೋ ಬೇಡವೋ ಎಂದು ನಿರ್ಧರಿಸುವುದು, ಎಲ್ಲ ಅದರ ಕೆಲಸ. ಕೋಟಿಗಟ್ಟಲೆ ಸಾಲುಗಳ ಆ ಬರವಣಿಗೆಯಲ್ಲಿ ಬಿಲಗಳು ಇದ್ದೇ ಇರುತ್ತವೆ. ಒಂದೊಂದಾಗಿ ಅವು ಪತ್ತೆಯಾದಂತೆ ತಯಾರಿಸಿದವರು ಮುಚ್ಚುವ ಮಣ್ಣನ್ನು ಕಳಿಸುತ್ತಾರೆ. ಅದೇ ಅಪ್‌ಡೇಟ್. ಮೈಕ್ರೋಸಾಫ್ಟ್ ಕಂಪನಿ 2003ರ ಅಕ್ಟೋಬರಿನಿಂದ ಇದಕ್ಕೆ ತಿಂಗಳ ಎರಡನೆಯ ಮಂಗಳವಾರವನ್ನು ಗೊತ್ತುಮಾಡಿದೆ. ಅಮೆರಿಕದ ಮಂಗಳವಾರ ಬೆಳಗು ನಮಗೆ ರಾತ್ರಿಯಾದ್ದರಿಂದ, ಬುಧವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಪರದೆಯ ಮೂಲೆಯಲ್ಲಿ ಸೂಚನೆ ಕಾದಿರುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಬಿಲವನ್ನು ಮುಚ್ಚುವ ಮಣ್ಣು ಬಂದ ದಿನವೇ ಬಿಲ ಎಲ್ಲಿತ್ತು ಎಂಬುದು ಕಳ್ಳರಿಗೂ ತಿಳಿಯುತ್ತದೆ. ಮಣ್ಣನ್ನು ಬಿಡಿಸಿ ನೋಡಿದರೆ ಜಾಗ ಗೊತ್ತಾಗುತ್ತದಲ್ಲ! ಅಲ್ಲಿಂದ ಮುಂದೆ, ಮುಚ್ಚಿಕೊಳ್ಳದೆ ಕೂತವರ ಒಡ್ಡುಗಳನ್ನು ಹುಡುಕಿ ಹೊಡೆಯುವುದಷ್ಟೇ ಅವರ ಕೆಲಸ.

2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಇಂಥದೊಂದು ಬಿಲಕ್ಕೆ ಮಣ್ಣು ಕಳಿಸಿತು. ಯಂತ್ರಗಳು ತಮ್ಮತಮ್ಮಲ್ಲಿ ಫೈಲು ಹಂಚಿಕೊಳ್ಳುವ ದಾರಿಯಲ್ಲಿದ್ದ ಬಿಲ ಅದು. ಅಲ್ಲಿಂದ 59 ದಿನ ಕಳೆದು, ಮೇ 12ರ ಶುಕ್ರವಾರ, ವನ್ನಾಕ್ರೈ ಎಂಬ ಹುಳು ಹೊರಟಿತು. ಒಳಹೊಕ್ಕ ಯಂತ್ರದ ಫೈಲುಗಳಿಗೆಲ್ಲ ಬೀಗ ಹಾಕಿ, ಕೀಲಿಗಾಗಿ 300 ಡಾಲರ್ ಕೇಳತೊಡಗಿತು. ಕೆಲವೇ ದಿನಗಳಲ್ಲಿ ನೂರೈವತ್ತರಷ್ಟು ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳು ಅದರ ಪಾಲಾದವು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಿದವು. ಇದೆಲ್ಲ ದೂರದ ಮಾತು ಎನ್ನುವವರು ಇನ್ನೊಂದನ್ನು ಕೇಳಬೇಕು. ನಮ್ಮ ಮೈಸೂರು, ಕೊಡಗು ಜಿಲ್ಲೆಗಳಿಗೆ ತಾಗಿಕೊಂಡಿರುವ ಕೇರಳದ ವಯನಾಡಿನಲ್ಲಿ ತರಿಯೋಡು ಎಂಬ ಗ್ರಾಮ ಪಂಚಾಯಿತಿ ಇದೆ. ಸೋಮವಾರ ಅಲ್ಲಿಯ ಕಚೇರಿಯ ಕಂಪ್ಯೂಟರುಗಳನ್ನು ಹಚ್ಚಿದಾಗ ಅದೇ ಬೀಗ, ಅದೇ ಬೇಡಿಕೆ! ಹಳ್ಳಿಯ ಪಂಚಾಯಿತಿಯಲ್ಲಿ ಏನಿದೆ ಎಂದು ಯಾರಾದರೂ ದಾಳಿ ಮಾಡಿಯಾರು ಎನ್ನುವವರಿಗೆ ಇದು ಉತ್ತರ. ಹುಳು ಯಾರ ಮನೆ ಎಂದು ಕೇಳುವುದಿಲ್ಲ. ಬಿಲ ಇದೆಯೇ ಎಂದಷ್ಟೇ ನೋಡುತ್ತದೆ.

ಅಂದು ಹೆಚ್ಚಾಗಿ ಸಿಕ್ಕಿಬಿದ್ದದ್ದು ಹಳೆಯ ಎಕ್ಸ್‌ಪಿ ಯಂತ್ರಗಳೆಂಬ ನಂಬಿಕೆ ಈಗಲೂ ಇದೆ. ವಾಸ್ತವದಲ್ಲಿ ಸಿಕ್ಕವುಗಳಲ್ಲಿ ಬಹುಪಾಲು ವಿಂಡೋಸ್ 7 ಯಂತ್ರಗಳು. ಅವಕ್ಕೆ ಮಣ್ಣು ಎರಡು ತಿಂಗಳ ಹಿಂದೆಯೇ ಬಂದಿತ್ತು. ‘ಆಮೇಲೆ ನೆನಪಿಸು’ ಎಂದವರ ಯಂತ್ರಗಳವು.

ಇಷ್ಟು ಹೇಳಿ ‘ಆದ್ದರಿಂದ ಈಗಲೇ ಗುಂಡಿ ಒತ್ತಿರಿ’ ಎಂದು ಮುಗಿಸಿದರೆ ಅದು ಕಂಪನಿಯ ಕರಪತ್ರವಾದೀತು. ಹೆದರುವವರ ಕಡೆಗೂ ನ್ಯಾಯವಿದೆ. 2018ರ ಜನವರಿಯಲ್ಲಿ ಪ್ರೊಸೆಸರ್ ಚಿಪ್ಪುಗಳಲ್ಲೇ ಕಂಡುಬಂದ ದೋಷಕ್ಕೆ ಕಳಿಸಿದ ಅಪ್‌ಡೇಟಿನಿಂದ ಎಎಂಡಿ ಚಿಪ್ಪಿನ ಕೆಲವು ಹಳೆಯ ಯಂತ್ರಗಳು ಏಳಲೇ ಇಲ್ಲ. ಮೈಕ್ರೋಸಾಫ್ಟ್ ಅದನ್ನು ಅಂಥ ಯಂತ್ರಗಳಿಗೆ ಕಳಿಸುವುದನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ ದೊಡ್ಡ ಅಪ್‌ಡೇಟ್ ಕೆಲವರ ಸ್ವಂತ ಫೈಲುಗಳನ್ನೇ ಅಳಿಸಿಹಾಕಿತು. ನಾಲ್ಕೈದು ದಿನಗಳಲ್ಲೇ ಅದನ್ನು ಹಿಂದಕ್ಕೆ ಪಡೆದರು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಾವಲು ತಂತ್ರಾಂಶದ ಕಂಪನಿ ಕಳಿಸಿದ ಒಂದು ಕೆಟ್ಟ ಫೈಲಿನಿಂದ ಜಗತ್ತಿನ 85 ಲಕ್ಷ ವಿಂಡೋಸ್ ಯಂತ್ರಗಳು ಒಮ್ಮೆಲೇ ಮಲಗಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು.

ಅಂದರೆ ಮುಚ್ಚದಿದ್ದರೂ ಅಪಾಯ, ಮುಚ್ಚಿದರೂ ಒಮ್ಮೊಮ್ಮೆ ಅಪಾಯ. ಆದರೆ ಎರಡೂ ಅಪಾಯಗಳು ಮುಟ್ಟುವ ವಸ್ತು ಒಂದೇ ಎಂಬುದನ್ನು ಗಮನಿಸಿ. ವನ್ನಾಕ್ರೈ ಕಿತ್ತುಕೊಂಡದ್ದು ಫೈಲುಗಳನ್ನು. ಕೆಟ್ಟ ಅಪ್‌ಡೇಟ್ ಅಳಿಸಿದ್ದೂ ಫೈಲುಗಳನ್ನು. ಯಂತ್ರವನ್ನು ಯಾರೂ ಕದಿಯಲಿಲ್ಲ. ಹಾಗಾಗಿ ‘ಅಪ್‌ಡೇಟ್ ಹಾಕಲೋ ಬೇಡವೋ’ ಎಂಬ ಪ್ರಶ್ನೆಗೆ ಮೊದಲು ಬೇರೊಂದು ಪ್ರಶ್ನೆ ಇದೆ. ನಿಮ್ಮ ಫೈಲುಗಳ ಇನ್ನೊಂದು ಪ್ರತಿ ಎಲ್ಲಿದೆ?

ಹೊಳೆದಂಡೆಯ ಊರುಗಳಿಗೆ ಈ ಪ್ರಶ್ನೆಯ ಅರ್ಥ ಬಿಡಿಸಿ ಹೇಳಬೇಕಿಲ್ಲ. 2009ರಲ್ಲಿ ಮತ್ತೆ 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಹೊಳೆಮಣ್ಣೂರೂ ಸೇರಿ ರೋಣ, ನರಗುಂದ ತಾಲ್ಲೂಕುಗಳ ದಂಡೆಯ ಊರುಗಳಿಗೆ ನುಗ್ಗಿದಾಗ ಕಾಗದಕ್ಕೆ ಏನಾಗುತ್ತದೆ ಎಂಬುದನ್ನು ಜನ ಕಂಡಿದ್ದಾರೆ. ಟ್ರಂಕಿನಲ್ಲಿಟ್ಟ ಹೊಲದ ಪತ್ರ, ಮಕ್ಕಳ ಅಂಕಪಟ್ಟಿ, ಸಂಘದ ಲೆಕ್ಕದ ಪುಸ್ತಕ, ಎಲ್ಲ ಕೆಸರಿನ ಮುದ್ದೆ. ಆಮೇಲೆ ನಮಗೊಂದು ನಂಬಿಕೆ ಬಂತು. ಇನ್ನು ಮುಂದೆ ಕಂಪ್ಯೂಟರಿನಲ್ಲಿಟ್ಟರೆ ನೆನೆಯುವುದಿಲ್ಲ ಎಂದು. ನೆನೆಯುವುದೇನೋ ಇಲ್ಲ. ಆದರೆ ಕಂಪ್ಯೂಟರಿನಲ್ಲಿಟ್ಟದ್ದಕ್ಕೂ ಅದರದೇ ಆದ ನೆರೆ ಬರುತ್ತದೆ. ಒಂದೇ ಡಿಸ್ಕಿನಲ್ಲಿ ಒಂದೇ ಪ್ರತಿ ಇದ್ದರೆ ಅದು ಟ್ರಂಕಿಗಿಂತ ಹೆಚ್ಚಿನ ಭದ್ರತೆ ಏನಲ್ಲ.

ನೆರೆಯ ಮುನ್ಸೂಚನೆಯೂ ಹೀಗೆಯೇ ಬರುತ್ತದೆ. ನವಿಲುತೀರ್ಥ ಜಲಾಶಯ ತುಂಬಿ ನೀರು ಬಿಡುವ ಮೊದಲು ದಂಡೆಯ ಊರುಗಳಲ್ಲಿ ಡಂಗುರ ಸಾರುತ್ತಾರೆ. ಕಂಪ್ಯೂಟರಿನ ಲೋಕದಲ್ಲೂ ಡಂಗುರವಿದೆ, ವರ್ಷಗಳ ಮೊದಲೇ ಸಾರುತ್ತಾರೆ. ‘ಇಂಥ ದಿನದಿಂದ ಈ ಆವೃತ್ತಿಗೆ ಮಣ್ಣು ಕಳಿಸುವುದಿಲ್ಲ’ ಎಂಬ ಡಂಗುರ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಗೆ ಆ ದಿನ 2014ರ ಏಪ್ರಿಲ್ 8. 2009ರಲ್ಲಿ ಬಂದ ವಿಂಡೋಸ್ 7ಕ್ಕೆ 2020ರ ಜನವರಿ 14. 2015ರಲ್ಲಿ ಬಂದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14. ಆ ದಿನ ಯಂತ್ರವೇನೂ ನಿಲ್ಲುವುದಿಲ್ಲ. ಮರುದಿನ ಬೆಳಿಗ್ಗೆ ಹಿಂದಿನಂತೆಯೇ ಹತ್ತಿಕೊಳ್ಳುತ್ತದೆ. ಅದೇ ಮೋಸ. ಒಡ್ಡು ಕಾಯುವವನು ಮನೆಗೆ ಹೋದದ್ದು ಮಳೆ ಬರುವವರೆಗೆ ಗೊತ್ತಾಗುವುದಿಲ್ಲ.

ಎಕ್ಸ್‌ಪಿಯಿಂದ 7ಕ್ಕೆ, 7ರಿಂದ 10ಕ್ಕೆ ದಾಟುವಾಗ ಹಳೆಯ ಯಂತ್ರ ಏದುಸಿರು ಬಿಟ್ಟರೂ ಹೇಗೋ ದಾಟುತ್ತಿತ್ತು. 2021ರಲ್ಲಿ ಬಂದ ವಿಂಡೋಸ್ 11 ಮಾತ್ರ ಹೊಸ್ತಿಲಲ್ಲೇ ತಡೆಯುತ್ತದೆ. ಟಿಪಿಎಂ 2.0 ಎಂಬ ಬೀಗದ ಚಿಪ್ಪು ಬೇಕು, ಇಂಟೆಲ್ ಪ್ರೊಸೆಸರಾದರೆ ಬಹುಮಟ್ಟಿಗೆ ಎಂಟನೆಯ ಪೀಳಿಗೆಯಿಂದ ಈಚಿನದು, ಅಂದರೆ ಸುಮಾರು 2017ರ ನಂತರದ್ದು ಆಗಿರಬೇಕು. ಇದರಿಂದಾಗಿ ಸುಮಾರು 24 ಕೋಟಿ ಕಂಪ್ಯೂಟರುಗಳು ಗುಜರಿಗೆ ಹೋಗಬಹುದೆಂದು ಕೆನಾಲಿಸ್ ಎಂಬ ಮಾರುಕಟ್ಟೆ ಸಂಸ್ಥೆ 2023ರಲ್ಲಿ ಅಂದಾಜು ಮಾಡಿತ್ತು. ಕೈಕಾಲು ಗಟ್ಟಿಯಿರುವ ಎತ್ತನ್ನು ವಯಸ್ಸಿನ ಚೀಟಿ ನೋಡಿ ಸಂತೆಗೆ ಹೊಡೆದಂತೆ ಇದು. ತಡೆಯನ್ನು ಹಾರಿ ಒಳಗೆ ಹೋಗುವ ಉಪಾಯಗಳನ್ನು ಹೇಳಿಕೊಡುವವರು ಇದ್ದಾರೆ. ಆದರೆ ಹಾಗೆ ಹಾರಿದ ಯಂತ್ರಕ್ಕೆ ಅಪ್‌ಡೇಟ್ ಸಿಗುವ ಹಕ್ಕಿಲ್ಲ ಎಂದು ಕಂಪನಿ ಮೊದಲೇ ಹೇಳಿದೆ. ಯಾವುದಕ್ಕಾಗಿ ಹಾರಿದೆವೋ ಅದೇ ಸಿಗದಿದ್ದರೆ ಹಾರಿ ಏನು ಬಂತು?

ಇನ್ನು ನಮ್ಮ ಕಡೆಯ ಹಳೆಯ ಯಂತ್ರಗಳಿಗೆ ಮಾತ್ರ ಇರುವ ಒಂದು ತೊಡಕಿಗೆ ಬರೋಣ. ಬೆಂಗಳೂರಿನ ದೊಡ್ಡ ಕಂಪನಿಗೆ ಇದು ಇಲ್ಲ. ರೋಣದ, ಗಜೇಂದ್ರಗಡದ ಡಿಟಿಪಿ ಅಂಗಡಿಗೆ, ಶಾಲೆಗೆ, ನಿವೃತ್ತ ಮಾಸ್ತರರ ಮನೆಗೆ ಇದೆ. ಅದು ಕನ್ನಡದ ತೊಡಕು.

ಕಂಪ್ಯೂಟರಿಗೆ ಕನ್ನಡ ಕಲಿಸಿದ ಮೊದಲ ಕಾಲದಲ್ಲಿ ನಾವೊಂದು ಜಾಣತನ ಮಾಡಿದೆವು. ಯಂತ್ರಕ್ಕೆ ಇಂಗ್ಲಿಷ್ ಅಕ್ಷರ, ಚಿಹ್ನೆ ಮಾತ್ರ ಗೊತ್ತಿದ್ದವು. ಆ ಅಕ್ಷರಗಳ ಜಾಗದಲ್ಲೇ ಕನ್ನಡದ ತುಣುಕುಗಳ ಚಿತ್ರ ಕೂಡಿಸಿ ಫಾಂಟ್ ಮಾಡಿದೆವು. ಯಂತ್ರ ತಾನು ಇಂಗ್ಲಿಷ್ ಚಿಹ್ನೆಗಳನ್ನು ಬರೆಯುತ್ತಿದ್ದೇನೆ ಎಂದುಕೊಳ್ಳುತ್ತಿತ್ತು. ನೋಡುವವರಿಗೆ ಕನ್ನಡ ಕಾಣುತ್ತಿತ್ತು. ಬೋರ್ಡು ಮಾತ್ರ ಬದಲಿಸಿದ ಅಂಗಡಿಯ ಹಾಗೆ! 1998ರಲ್ಲಿ ಬಂದ ಶೇಷಾದ್ರಿವಾಸು ಅವರ ‘ಬರಹ’, ಅದರ ಬೆನ್ನಿಗೆ ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ ರೂಪಿಸಿದ ‘ನುಡಿ’, ಇವು ಹಳ್ಳಿಹಳ್ಳಿಗೆ ಕನ್ನಡ ಟೈಪಿಂಗನ್ನು ಮುಟ್ಟಿಸಿದ್ದು ಈ ದಾರಿಯಿಂದಲೇ. ಆ ಉಪಕಾರವನ್ನು ಮರೆಯುವಂತಿಲ್ಲ. ಆ ಕಾಲಕ್ಕೆ ಅದಕ್ಕಿಂತ ಸುಲಭದ ದಾರಿ ಇರಲೂ ಇಲ್ಲ.

ಸರಿಯಾದ ಏರ್ಪಾಟು ಕಾಗದದ ಮೇಲೆ ಮೊದಲೇ ಇತ್ತು. 1991ರಲ್ಲಿ ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆ ಕನ್ನಡಕ್ಕೆಂದೇ 128 ಸ್ಥಾನಗಳನ್ನು ಮೀಸಲಿಟ್ಟಿತು. ಕನ್ನಡದ ‘ಕ’ ಎಲ್ಲಿ ಹೋದರೂ ‘ಕ’ವೇ. ವಿಂಡೋಸ್‌ನಲ್ಲಿ ಇದು ಕೈಗೆ ಸಿಕ್ಕಿದ್ದು 2001ರ ಎಕ್ಸ್‌ಪಿಯಿಂದ. ‘ತುಂಗಾ’ ಎಂಬ ಹೊಳೆಯ ಹೆಸರಿನ ಫಾಂಟ್ ಅದರ ಜೊತೆಗೇ ಬಂತು. ಆದರೆ ಬಳಸಬೇಕೆಂದರೆ ಒಳಗಿನ ಪಟ್ಟಿಯೊಂದರಲ್ಲಿ ಗುರುತು ಹಾಕಿ, ಸಿ.ಡಿ. ಹಾಕಿ ಮತ್ತೆ ಅನುಸ್ಥಾಪಿಸಬೇಕಿತ್ತು. ಯಾರಿಗಿತ್ತು ಅಷ್ಟು ಪುರುಸೊತ್ತು? ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶಕ್ಕೆ ಯೂನಿಕೋಡ್ ಕನ್ನಡ ಒಗ್ಗುತ್ತಲೂ ಇರಲಿಲ್ಲ. ಅದರ ಕೊನೆಯ ಆವೃತ್ತಿ ಬಂದದ್ದೇ 2001ರಲ್ಲಿ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಹಕಾರ ಸಂಘದ ವಾರ್ಷಿಕ ವರದಿ, ಹಾಡಿನ ಪುಸ್ತಕ, ಎಲ್ಲವೂ ಹಳೆಯ ಫಾಂಟಿನಲ್ಲೇ ಪೇರಿಕೊಂಡವು.

ಈಗ ತಿಳಿಯಿತಲ್ಲ, ಆ ಅಂಗಡಿಯವನು ಯಂತ್ರವನ್ನು ಯಾಕೆ ಮುಟ್ಟಗೊಡುವುದಿಲ್ಲ ಎಂದು? ಹೊಸ ಆಪರೇಟಿಂಗ್ ಸಿಸ್ಟಂ ಹಾಕಿ ಹಳೆಯ ಫೈಲು ತೆರೆದರೆ, ಆ ಫಾಂಟ್ ಇಲ್ಲದಿದ್ದಲ್ಲಿ ಪರದೆಯ ತುಂಬ ಇಂಗ್ಲಿಷ್ ಅಕ್ಷರ, ಡೊಂಕು ಚಿಹ್ನೆಗಳ ರಾಶಿ. ಇಪ್ಪತ್ತು ವರ್ಷದ ಕೆಲಸ ಒಂದು ಕ್ಷಣದಲ್ಲಿ ಯಾರಿಗೂ ಓದಲಾಗದ ಲಿಪಿಯಾಗಿ ಹೋಗುತ್ತದೆ. ಅವನು ಕಾಯುತ್ತಿರುವುದು ಹಳೆಯ ವಿಂಡೋಸನ್ನಲ್ಲ, ಅದರೊಳಗೆ ಸಿಕ್ಕಿಕೊಂಡಿರುವ ಕನ್ನಡವನ್ನು. ಹಾಗಾಗಿ ಬಿಡಿಸಬೇಕಾದ ಮೊದಲ ಗಂಟು ಅದೇ. ಕನ್ನಡ ಹೊರಗೆ ಬಂದರೆ ಯಂತ್ರದ ಬಗ್ಗೆ ಭಯ ತಾನಾಗಿ ಹೋಗುತ್ತದೆ.

ಬಿಡಿಸುವ ದಾರಿ ಕಷ್ಟದ್ದೇನಲ್ಲ. ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಬರಹದಲ್ಲೂ ನುಡಿಯಲ್ಲೂ ಇವೆ, ಬಿಡಿಯಾಗಿಯೂ ಉಚಿತವಾಗಿ ಸಿಗುತ್ತವೆ. ಯಂತ್ರ ಇನ್ನೂ ಜೀವಂತವಿರುವಾಗಲೇ, ಹಳೆಯ ಫಾಂಟುಗಳು ಇನ್ನೂ ಅದರಲ್ಲಿರುವಾಗಲೇ ಇದನ್ನು ಮಾಡಬೇಕು. ಪುಟವಿನ್ಯಾಸದ ಫೈಲುಗಳಿದ್ದರೆ ಒಂದೊಂದನ್ನೂ ಪಿಡಿಎಫ್ ಮಾಡಿಟ್ಟುಕೊಂಡರೆ ಕಡೇಪಕ್ಷ ಓದಲಿಕ್ಕೆ, ಮುದ್ರಿಸಲಿಕ್ಕೆ ಉಳಿಯುತ್ತದೆ. ಪರಿವರ್ತನೆಯಾದ ಮೇಲೆ ಕಣ್ಣಿಟ್ಟು ಓದಿ ನೋಡಬೇಕು. ನಮ್ಮ ಟೈಪಿಂಗಿನ ಹಳೆಯ ಚಾಳಿಯೊಂದಿದೆ. ಅರ್ಕಾವತ್ತಿನ ಬದಲು ಕನ್ನಡದ ಒಂಬತ್ತನ್ನು, ಸೊನ್ನೆಯ ಉಚ್ಚಾರಕ್ಕೆ ಕನ್ನಡದ ಅಂಕಿ ಸೊನ್ನೆಯನ್ನು ಒತ್ತಿಬಿಡುವುದು. ಕಾಗದದ ಮೇಲೆ ವ್ಯತ್ಯಾಸ ಕಾಣುವುದಿಲ್ಲ. ಆದರೆ ಯಂತ್ರಕ್ಕೆ ಅದು ಅಂಕಿಯೇ. ‘ಸೂರ್ಯ’ ಎಂದು ಹುಡುಕಿದರೆ ‘ಸೂಯ೯’ ಸಿಗುವುದಿಲ್ಲ. ಇವನ್ನೂ ಜೊತೆಗೇ ತಿದ್ದಿಬಿಟ್ಟರೆ ಮುಂದಿನವರಿಗೆ ಉಪಕಾರ.

ಕನ್ನಡ ಹೀಗೆ ಬಿಡುಗಡೆಯಾದ ಮೇಲೆ ಯಂತ್ರಕ್ಕೆ ಮೂರು ದಾರಿಗಳಿವೆ.

ಒಂದು, ಇರುವ ವಿಂಡೋಸನ್ನೇ ಇನ್ನಷ್ಟು ದಿನ ನಡೆಸುವುದು. ವಿಂಡೋಸ್ 10 ಇಟ್ಟುಕೊಂಡ ಮನೆಮಂದಿಗೆ ಮೈಕ್ರೋಸಾಫ್ಟ್ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟುಗಳ ಏರ್ಪಾಟು ಮಾಡಿತು. ಮೊದಲು ಪ್ರಕಟಿಸಿದ ಗಡುವು 2026ರ ಅಕ್ಟೋಬರ್ 13. ಕಂಪನಿಯ ಖಾತೆ ತೆರೆದು ಯಂತ್ರದ ಸೆಟಿಂಗ್‌ಗಳನ್ನು ಅಲ್ಲಿ ಉಳಿಸಿಟ್ಟವರಿಗೆ ದುಡ್ಡಿಲ್ಲದೆ, ಒಲ್ಲದವರಿಗೆ 30 ಡಾಲರಿಗೆ. ಇದು ದಾರಿಯಲ್ಲ, ದಾರಿ ಹುಡುಕಿಕೊಳ್ಳಲು ಕೊಟ್ಟ ಸಮಯ ಎಂದು ತಿಳಿಯಬೇಕು. ವಿಂಡೋಸ್ 7ರವರಿಗೆ ಆ ಸಮಯವೂ ಮುಗಿದಿದೆ. 2023ರ ಫೆಬ್ರುವರಿಯಿಂದ ಕ್ರೋಮ್ ಬ್ರೌಸರ್ ಕೂಡ ಅದಕ್ಕೆ ಹೊಸ ಆವೃತ್ತಿ ಕೊಡುವುದನ್ನು ನಿಲ್ಲಿಸಿತು.

ಎರಡು, ಲಿನಕ್ಸ್. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಈ ಆಪರೇಟಿಂಗ್ ಸಿಸ್ಟಂ ಮುಯ್ಯಾಳಿನ ಕೆಲಸದಂತೆ ಬೆಳೆದದ್ದು. ಜಗತ್ತಿನ ಸಾವಿರಾರು ಜನ ಸೇರಿ ಕಟ್ಟಿದ್ದಾರೆ. ಬಳಸಲು ದುಡ್ಡಿಲ್ಲ, ಕ್ರ್ಯಾಕ್ ಬೇಕಿಲ್ಲ. ಉಬುಂಟು, ಮಿಂಟ್, ಡೆಬಿಯನ್ ಎಂದು ಅದರ ಹಲವು ರೂಪಗಳು. ನಾಲ್ಕು ಜಿಬಿ ಮೆಮೊರಿಯ ಹಳೆಯ ಯಂತ್ರದಲ್ಲೂ ಅದರ ಹಗುರ ರೂಪಗಳು ಚೆನ್ನಾಗಿ ಓಡುತ್ತವೆ. ಕನ್ನಡವೂ ಅಲ್ಲಿ ಪರದೇಶಿಯಲ್ಲ. ‘ಗುಬ್ಬಿ’, ‘ನವಿಲು’ ಎಂಬ ಫಾಂಟುಗಳಿವೆ. ಕೀಲಿಮಣೆಯ ಪಟ್ಟಿಯಲ್ಲಿ ‘ಕಗಪ’ ಎಂಬ ವಿನ್ಯಾಸವೇ ಇದೆ. ಪೆನ್‌ಡ್ರೈವಿನಿಂದಲೇ ಹಚ್ಚಿ, ಡಿಸ್ಕನ್ನು ಮುಟ್ಟದೆ, ಒಂದು ವಾರ ಪರೀಕ್ಷಿಸಿ ನೋಡಬಹುದು. ನಮ್ಮ ಜನಕ್ಕೆ ಇದೆಲ್ಲ ಆಗುವುದಲ್ಲ ಎನ್ನುವವರು ಕಾಸರಗೋಡಿನ ಕಡೆ ನೋಡಬೇಕು. ಕೇರಳ ಸರ್ಕಾರ 2001ರ ಸುಮಾರಿಗೆ ಆರಂಭಿಸಿದ ‘ಐಟಿ ಅಟ್ ಸ್ಕೂಲ್’ ಯೋಜನೆ, 2017ರಿಂದ ‘ಕೈಟ್’ ಎಂಬ ಸಂಸ್ಥೆ, ಶಾಲೆಗಳ ಕಂಪ್ಯೂಟರುಗಳಲ್ಲಿ ಲಿನಕ್ಸನ್ನೇ ನೆಲೆಗೊಳಿಸಿತು. ಅಲ್ಲಿಯ ಕನ್ನಡ ಮಾಧ್ಯಮ ಶಾಲೆಯ ಮಕ್ಕಳೂ ಅದರ ಮೇಲೆಯೇ ಕಲಿತು ಬೆಳೆದಿದ್ದಾರೆ. ಹೈಸ್ಕೂಲಿನ ಮಕ್ಕಳಿಗೆ ಬಂದದ್ದು ನಮಗೆ ಬಾರದೆ?

ಆದರೆ ಒಂದು ಎಚ್ಚರ. ಬೆರಳಚ್ಚಿನ ಯಂತ್ರ, ಡಿಜಿಟಲ್ ಸಹಿಯ ಟೋಕನ್ ಮುಂತಾದವುಗಳ ತಂತ್ರಾಂಶಗಳು ಅನೇಕ ಕಡೆ ವಿಂಡೋಸಿಗೆಂದೇ ಬರೆದಂಥವು. ಅವನ್ನು ನಂಬಿ ಹೊಟ್ಟೆಹೊರೆಯುವ ಸೇವಾ ಕೇಂದ್ರದವರು ಕಣ್ಣುಮುಚ್ಚಿ ಲಿನಕ್ಸಿಗೆ ಹಾರುವಂತಿಲ್ಲ. ಅವರು ಆ ಕೆಲಸಕ್ಕೆ ಒಂದು ಯಂತ್ರವನ್ನಾದರೂ ಹೊಸದು ಮಾಡಿಕೊಳ್ಳದೆ ಗತ್ಯಂತರವಿಲ್ಲ. ಊರವರ ಬೆರಳು, ಆಧಾರ್ ಸಂಖ್ಯೆ, ಬ್ಯಾಂಕ್ ಪಾಸ್‌ಬುಕ್ಕು ಹಾದುಹೋಗುವ ಯಂತ್ರ ಅದು. ಅದರ ಒಡ್ಡು ಒಡೆದರೆ ಹರಿದುಹೋಗುವುದು ಅಂಗಡಿಯವನ ಸೊತ್ತಲ್ಲ, ಊರಿನ ಸೊತ್ತು. ಇನ್ನೊಂದು ಮಾತು. ಮುಪ್ಪು ಲಿನಕ್ಸಿನಲ್ಲೂ ಲೆಕ್ಕಕ್ಕೆ ಬರುತ್ತದೆ. 32 ಬಿಟ್‌ನ ತೀರ ಹಳೆಯ ಯಂತ್ರಗಳಿಗೆ ಡೆಬಿಯನ್ ಕೂಡ 2025ರ ಆಗಸ್ಟಿನ ತನ್ನ 13ನೆಯ ಆವೃತ್ತಿಯಿಂದ ಅನುಸ್ಥಾಪನೆಯ ಏರ್ಪಾಟನ್ನು ಕೈಬಿಟ್ಟಿತು.

ಮೂರನೆಯದು, ಯಂತ್ರವನ್ನು ಇಂಟರ್‌ನೆಟ್ಟಿನಿಂದ ಬಿಡಿಸಿ ಬರೀ ಟೈಪಿಂಗಿಗೆ ಇಟ್ಟುಕೊಳ್ಳುವುದು. ಇದೂ ಗೌರವದ ನಿವೃತ್ತಿಯೇ. ಹಾಗಿದ್ದರೆ ಕಂಡಕಂಡವರ ಪೆನ್‌ಡ್ರೈವನ್ನೂ ಅದಕ್ಕೆ ಚುಚ್ಚಬಾರದು. ಕಳ್ಳ ಬರುವುದಕ್ಕೆ ತಂತಿಯೇ ಬೇಕೆಂದಿಲ್ಲ.

ಅಪ್‌ಡೇಟಿಗೆ ಕೂರುವವರಿಗೆ ನಾಲ್ಕು ಮಾತು. ಮೊದಲು ಯಂತ್ರದ ಗಡಿಯಾರ ನೋಡಿ. ಹಳೆಯ ಯಂತ್ರ ಹಚ್ಚಿದಾಗಲೆಲ್ಲ ಎಂದೋ ಕಳೆದುಹೋದ ವರ್ಷ ತೋರಿಸಿದರೆ ಒಳಗಿನ ನಾಣ್ಯದಂಥ ಪುಟ್ಟ ಬ್ಯಾಟರಿ ಸತ್ತಿದೆ ಎಂದರ್ಥ. ಸಿಆರ್ 2032 ಎಂದು ಕೇಳಿದರೆ ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಅಪ್‌ಡೇಟ್ ಕಳಿಸುವ ಕಡೆಯವರು ತಮ್ಮ ಗುರುತಿನ ಪತ್ರ ತೋರಿಸಿದಾಗ ಯಂತ್ರ ಅದರ ತಾರೀಖನ್ನು ತನ್ನ ಗಡಿಯಾರದೊಂದಿಗೆ ತಾಳೆ ನೋಡುತ್ತದೆ. ಗಡಿಯಾರವೇ ತಪ್ಪಿದ್ದರೆ ಪತ್ರ ಸುಳ್ಳೆಂದು ಬಾಗಿಲು ಹಾಕುತ್ತದೆ. ‘ಅಪ್‌ಡೇಟ್ ಆಗ್ತಾನೇ ಇಲ್ಲ’ ಎಂಬ ಎಷ್ಟೋ ದೂರುಗಳ ಮೂಲ ಈ ಬಿಲ್ಲೆ.

ಎರಡನೆಯದಾಗಿ, ಫೈಲುಗಳ ಎರಡು ಪ್ರತಿ ಮಾಡಿ, ಒಂದನ್ನು ಊರ ಹೊರಗೆ ಇಡಿ. ಗದಗಿನಲ್ಲೋ ರೋಣದಲ್ಲೋ ಇರುವ ನೆಂಟರ ಕಪಾಟಿನಲ್ಲಾದರೂ ಸರಿ. ಹೊಳೆ ಬಂದಾಗ ಎರಡೂ ಪ್ರತಿ ಒಂದೇ ಮನೆಯಲ್ಲಿದ್ದರೆ ಎರಡಿದ್ದೂ ಒಂದೇ. ಮೂರನೆಯದಾಗಿ, ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ತಿರುಗುವ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿ. ಹಳೆಯ ಯಂತ್ರಕ್ಕೆ ಅದಕ್ಕಿಂತ ಒಳ್ಳೆಯ ಟಾನಿಕ್ ಇಲ್ಲ. ಹೊಸ ವ್ಯವಸ್ಥೆಯನ್ನು ಹೊಸ ಎಸ್‌ಎಸ್‌ಡಿಯ ಮೇಲೆ ಹಾಕಿಸಿ ಹಳೆಯ ಡಿಸ್ಕನ್ನು ಬಿಚ್ಚಿ ಹಾಗೆಯೇ ಎತ್ತಿಟ್ಟರೆ, ಏನೇ ಎಡವಟ್ಟಾದರೂ ನಿನ್ನೆಯ ಯಂತ್ರ ಕಪಾಟಿನಲ್ಲಿ ಭದ್ರ. ಕೊನೆಯದಾಗಿ, ಯುಪಿಎಸ್ ಇಲ್ಲದೆ ಕೂರಬೇಡಿ. ಮೊಬೈಲಿನ ಪ್ಯಾಕ್ ನಂಬಿದವರು ಸಂಪರ್ಕವನ್ನು ‘ಮೀಟರ್ಡ್’ ಎಂದು ಗುರುತಿಸಿಟ್ಟಿದ್ದರೆ ಅಪ್‌ಡೇಟುಗಳು ತಾವಾಗಿ ಇಳಿಯುವುದಿಲ್ಲ. ತಿಂಗಳಿಗೊಮ್ಮೆಯಾದರೂ, ಎರಡನೆಯ ಮಂಗಳವಾರ ಕಳೆದು ಒಂದು ವಾರ ಬಿಟ್ಟು, ಆ ಗುರುತು ತೆಗೆದು ಇಳಿಸಿಕೊಳ್ಳಿ. ಆ ವಾರದೊಳಗೆ ಕೆಟ್ಟ ಅಪ್‌ಡೇಟಿದ್ದರೆ ಅದರ ಸುದ್ದಿ ಹೊರಬಿದ್ದಿರುತ್ತದೆ. ವನ್ನಾಕ್ರೈ ಬಂದದ್ದು 59 ದಿನಕ್ಕೆ ಎಂಬುದನ್ನೂ ನೆನಪಿಡಿ. ಒಂದು ವಾರ ತಡೆಯುವುದು ಜಾಣತನ, ಎರಡು ತಿಂಗಳು ತಡೆಯುವುದು ಅದಲ್ಲ.

ಸಂಘಗಳು, ಶಾಲೆಗಳು, ಗ್ರಂಥಾಲಯಗಳು ವರ್ಷಕ್ಕೊಮ್ಮೆ ಲೆಕ್ಕ ತಪಾಸಣೆ ಮಾಡಿಸುತ್ತವೆ. ಆ ದಿನವೇ ಕಂಪ್ಯೂಟರಿಗೂ ಮೂರು ಪ್ರಶ್ನೆ ಕೇಳುವ ಪದ್ಧತಿ ಹಾಕಿಕೊಂಡರೆ ಖರ್ಚೇನೂ ಇಲ್ಲ. ಕೊನೆಯ ಅಪ್‌ಡೇಟ್ ಹಾಕಿದ್ದು ಯಾವಾಗ? ಎರಡನೆಯ ಪ್ರತಿ ಯಾರ ಮನೆಯಲ್ಲಿದೆ? ಇದರೊಳಗಿನ ಕನ್ನಡ ಬೇರೆ ಯಂತ್ರದಲ್ಲಿ ತೆರೆದು ಓದಲು ಬರುತ್ತದೆಯೇ? ಮೂರಕ್ಕೂ ಉತ್ತರ ಇದ್ದರೆ ಆ ಹಳೆಯ ಡಬ್ಬಿ ಇನ್ನೂ ನಾಲ್ಕು ವರ್ಷ ದುಡಿಯಲಿ. ಇಲ್ಲದಿದ್ದರೆ ಮೂರನೆಯ ಪ್ರಶ್ನೆಯಿಂದ ಕೆಲಸ ಶುರುಮಾಡಿ. ಮಿಕ್ಕೆರಡಕ್ಕೆ ಯಾರಾದರೂ ಕಂಪ್ಯೂಟರ್ ಗೊತ್ತಿದ್ದವರು ಸಿಕ್ಕಾರು. ನಿಮ್ಮ ಊರಿನ ಫೈಲಿನಲ್ಲಿ ಏನಿತ್ತು ಎಂಬುದನ್ನು ಓದಿ ಹೇಳಬಲ್ಲವರು ನೀವು ಮಾತ್ರ.